ಬಲದಿಂದ ಎಡಕ್ಕೆ

ಶಂಕರಘಟ್ಟದ ಗೇಟಿನೆದುರು ನನ್ನದೊಂದು ಜೆರಾಕ್ಸ್ ಅಂಗಡಿ.
ಥೀಸಿಸ್ ಬೈಂಡಿಂಗು, ಲ್ಯಾಮಿನೇಷನ್ನು, ಪಾಸಿಗೆ ಫೋಟೋ.
ಅಲ್ಲಿಗೆ ಬಂದ ಹೈಥಮ್, ಯೆಮನ್ನಿನ ತಯೀಜ್ ಊರಿನವನು,
ಮೈಕ್ರೋಬಯಾಲಜಿ, ಎರಡನೇ ವರ್ಷ,
ಮೆಸ್ಸಿನಲ್ಲಿ ಕಲಿತ ಕನ್ನಡ.
ಕೈಯಲ್ಲಿ ಲ್ಯಾಬಿನ ಹಾಳೆ, ಹಿಂಬದಿಗೆ ಕವಿತೆ.

"ಬಲದಿಂದ ಶುರು ಮಾಡಿ" ಅಂದ.
ಆ ಮಾತಿಗೆ ನಮ್ಮಲ್ಲಿ ಎರಡರ್ಥ ಅಂತ ಹೇಳಿದೆ.
ಬರೆದುಕೊಂಡ.
ನನ್ನ ಕಂಪ್ಯೂಟರಿಗೋ ಎಡದಿಂದಲೇ ನಡೆದು ಅಭ್ಯಾಸ;
ಅವನ ಅಕ್ಷರಗಳು ಒಂದರ ಕೈ ಒಂದು ಬಿಟ್ಟು
ಲಾಠಿ ಬಿದ್ದ ಸಂತೆಯ ಹಾಗೆ ಚದುರಿ ನಿಂತವು.
"ನಮ್ಮಲ್ಲೂ ಹೀಗೇ" ಅಂದ.
ನಗುತ್ತಿದ್ದನೋ, ಗೊತ್ತಾಗಲಿಲ್ಲ.

ಎಲ್ಲರೂ ಅವನಿಗೆ ಕಾಫಿಯ ಕತೆ ಹೇಳುತ್ತಾರಂತೆ,
ಏಳು ಬೀಜ, ಸೊಂಟದ ಪಟ್ಟಿ, ಆ ಬೆಟ್ಟ.
"ಬೀಜ ತಂದವರ ಸುದ್ದಿ ಸಾವಿರ ಸಲ ಕೇಳಿದೆ ಅಕ್ಕಾ,
ಗಿಡ ಉಳಿದ ಊರಿನ ಸುದ್ದಿ ಯಾರೂ ಕೇಳುವುದಿಲ್ಲ."
ನಾನೂ ಅದನ್ನೇ ಹೇಳುವವಳಿದ್ದೆ.
ಬಾಯಿ ಮುಚ್ಚಿಕೊಂಡು ಟೀ ತರಿಸಿದೆ.

ಮುಬೀನಾ, ನನ್ನಲ್ಲಿ ಕೆಲಸಕ್ಕಿರುವ ಲಕ್ಕವಳ್ಳಿ ಹುಡುಗಿ,
ಮದರಸದಲ್ಲಿ ಅಕ್ಷರ ಕಲಿತವಳು; ಅರ್ಥ ಕಲಿಸಿರಲಿಲ್ಲ.
ಸೆರಗು ತಲೆಗೆಳೆದು, ಕಣ್ಣು ಅರೆಮುಚ್ಚಿ
ಹಾಳೆ ಎತ್ತಿ ಓದಿದಳು, ರಾಗ ತಪ್ಪದೆ.
ಹೈಥಮ್ ಸ್ಟೂಲು ಬಿಟ್ಟೆದ್ದ:
"ಅದು ಪ್ರಾರ್ಥನೆಯಲ್ಲ ತಂಗಿ,
ನನ್ನಮ್ಮ ನೀರಿನ ಕ್ಯಾನು ಎಣಿಸುವುದು.
ಹದಿನಾಲ್ಕು ಖಾಲಿ, ಎರಡು ತುಂಬಿದ್ದು."
ಅವಳು ಮತ್ತೊಮ್ಮೆ ಓದಿದಳು, ಅದೇ ರಾಗದಲ್ಲಿ.
ಅವನು ತಡೆಯಲಿಲ್ಲ.

ಸಂಜೆ ಡ್ಯಾಮಿನ ಸೈರನ್ನು ಕೂಗಿತು.
ಗೇಟು ಎತ್ತುವ ಮೊದಲು ಹೊಳೆಗಿಳಿದವರಿಗೆ ಎಚ್ಚರಿಕೆ,
ನಮ್ಮ ಕಿವಿಗದು ಬೀಳುವುದೂ ಇಲ್ಲ.
ಅವನು ಮಾತ್ರ ಕಟಿಂಗ್ ಮೆಷಿನ್ನಿನ ಅಡಿಯಲ್ಲಿದ್ದ,
ಹಾಳೆ ಎದೆಗವುಚಿಕೊಂಡು.
"ನೀರು," ಅಂದೆ, "ಬರೀ ನೀರು ಕಣಪ್ಪಾ."
"ನೀರಿಗೂ ಕೂಗುತ್ತಾರಾ ಇಲ್ಲಿ?"

ಶಿವಮೊಗ್ಗದಲ್ಲಿ ಕವಿಗೋಷ್ಠಿ. ಸಂಘಟಕರ ಫೋನು:
ಶಾಂತಿ ಇರಲಿ, ರಾಜಕೀಯ ಬೇಡ, ಮೂರೇ ನಿಮಿಷ.
ಅವನು ಹಾಳೆ ತಿರುಗಿಸಿ ತಿರುಗಿಸಿ ನೋಡಿದ,
ಮೀನಿನ ಮುಳ್ಳು ಬಿಡಿಸುವವನ ಹಾಗೆ.
"ಬಿಡಿಸುತ್ತ ಹೋದರೆ ಮೀನೇ ಉಳಿಯುವುದಿಲ್ಲ ಅಕ್ಕಾ."

ಕನ್ನಡಕ್ಕೆ ನಾನೇ ಇಳಿಸತೊಡಗಿದೆ, ತಡವರಿಸುತ್ತ.
ಒಂದು ಪದದ ಹತ್ತಿರ ಕೂತುಬಿಟ್ಟೆ:
ದಾರಿಗಡ್ಡ ಕೋಲು, ಮರಳಿನ ಚೀಲ, ಬಂದೂಕು.
ಚೆಕ್‌ಪೋಸ್ಟ್ ಅಂದರೆ ನಮಗೆ ನಾಟಾ ಸಾಗಿಸುವ ಲಾರಿ,
ನಿದ್ದೆಗಣ್ಣಿನ ಗಾರ್ಡು, ಅವನ ರೇಡಿಯೋ.
ಉಕ್ಕಡ ಅಂತ ಹಳೆಯ ಪದವೊಂದಿದೆ,
ಇಟ್ಟು ನೋಡಿದೆ; ಬರೀ ತುಕ್ಕು.
"ಅಲ್ಲಿ ಏನು ಕೇಳುತ್ತಾರೆ?"
"ಹೆಸರು. ಅಷ್ಟು ಸಾಕು,
ಉಳಿದದ್ದು ಅವರೇ ತಿಳಿದುಕೊಳ್ಳುತ್ತಾರೆ."

ಪುಟ ಜೋಡಿಸುತ್ತಿದ್ದ ಮುಬೀನಾ ತಲೆಯೆತ್ತದೆ:
"ಶಿವಮೊಗ್ಗದಲ್ಲಿ ಆವತ್ತು ನೂರನಲವತ್ನಾಲ್ಕು ಇತ್ತಲ್ಲ,
ಬಸ್ಸು ನಿಲ್ಲಿಸಿ ನನ್ನನ್ನೂ ಅದನ್ನೇ ಕೇಳಿದರು.
ನಿಮ್ಮನ್ನು ಕೇಳಲಿಲ್ಲ."

ಅದೇ ಬಸ್ಸಿನಲ್ಲಿದ್ದೆ ನಾನು.
ಕಿಟಕಿ ಪಕ್ಕ, ಬಿಸ್ಕತ್ತು ತಿನ್ನುತ್ತ.

ಉಕ್ಕಡ ಅಳಿಸಿದೆ.
ಹೆಸರು ಕೇಳುವ ಜಾಗ, ಎಂದು ಒತ್ತಿದೆ.

ಪುಟಕ್ಕೆರಡು ಅಂಕಣ. ಅವನದು ಬಲದಂಚಿನಿಂದ ಹೊರಟಿತು,
ನನ್ನದು ಎಡದಂಚಿನಿಂದ. ನಡುವೆ ಬೆರಳಗಲ ಬಿಳಿ.
ಟೋನರು ಮುಗಿಯುತ್ತ ಬಂದಿತ್ತು.
ಮುಬೀನಾ ಡಬ್ಬಿ ಬಿಚ್ಚಿ, ಅಲ್ಲಾಡಿಸಿ, ಮತ್ತೆ ಹಾಕಿದಳು,
ಇನ್ನೊಂದಿಷ್ಟು ಪ್ರತಿ ಬಂದಾವು ಅಂತ.