ಮೂರು ಮಡಿಕಿ

ಬೆಟಗೇರಿಯ ಪ್ರೆಸ್ಸಿನಾಗ ನಾ ಮಡಚಾಕಿ.
ನೂರಕ್ಕ ಎರಡು ರೂಪಾಯಿ,
ಒಂದೊಂದಕ್ಕ ಮೂರು ಮಡಿಕಿ,
ಹೆಬ್ಬಟ್ಟಿನ ಉಗುರಲೆ ಗೀರಿ.
ಹುಬ್ಬಳ್ಳಿಯ ಕ್ಯಾಸೆಟ್ ಕಂಪನಿಯವರು
ಹಾಡು ಅಲ್ಲೇ ತುಂಬತಿದ್ರು,
ಮಾರಿ ಅಷ್ಟ ನಮ್ಮಲ್ಲಿ ಅಚ್ಚಾಗತಿತ್ತು.

ಬರಿಯಾಂವ ಫಕೀರಪ್ಪ ಚಿತ್ರಗಾರ.
ಲಾರಿ ಹಿಂದ ನವಿಲು, ಕಿರಾಣಿ ಅಂಗಡಿ ಮ್ಯಾಲೆ ಲಕ್ಷ್ಮಿ,
ಚುನಾವಣಿ ಬಂದ್ರ ಎಲ್ಲಾ ಪಕ್ಷದ ಗುರುತೂ ಒಂದ ಕೈಲೆ.
ಅದೇ ಕುಂಚ, ತೊಳದೂ ತೊಳೀದಂಗ ಮಾಡಿ,
ಪಂಡಿತರ ಗಲ್ಲಕ್ಕ ಬರತಿತ್ತು.

ಅಂವನ ಕಡೆ ಇದ್ದದ್ದು ಒಂದ ಸೂರ್ಯ.
ಸತುವಿನ ಬ್ಲಾಕು, ಒಂದು ಮೂಲಿ ಮುಕ್ಕು.
ಭೈರವಕ್ಕ ಹಳದಿ ಮಸಿ, ಮಾರವಾಕ್ಕ ಕೆಂಪು.
ಹುಟ್ಟೂದಿಲ್ಲ, ಮುಳುಗೂದಿಲ್ಲ,
ಡ್ರಾವರಿನಾಗ ಸೀಮಿಎಣ್ಣಿ ಅರಿವಿ ಹೊಚ್ಕೊಂಡು
ಮಲಗತಿತ್ತು.

ಮಲ್ಹಾರಕ್ಕ ಹಳೇ ಕ್ಯಾಲೆಂಡರಿನ ಹಿಮದ ಗುಡ್ಡ, ಎರಡು ಹಂಸ.
‘ಮಳಿ ಎಲ್ಲೈತೋ?’ ಅಂದ್ರು ಮಾಲಕರು.
‘ಕರಗಿದ್ರ ನೀರ ಅಲ್ರಿ’ ಅಂದ.
ತಂಬೂರಿಗೆ ಏಳು ತಂತಿ ಎಳದಿದ್ದ.
ನಾಲ್ಕ ಇರತಾವು ಅಂತ ನಾ ಹೇಳಿದ್ದಕ್ಕ
‘ಸ್ವರ ಏಳ ಅಲ್ಲೇನವಾ, ಒಂದಕ್ಕೊಂದು.’

ಆ ವರ್ಷ ಧಾರವಾಡದ ಯಾರೋ ದೊಡ್ಡವರದು
ಅಭಿನಂದನ ಗ್ರಂಥ ನಡದಿತ್ತು.
ಬರದವರೆಲ್ಲಾ ಡಾಕ್ಟರು.
ಕೇಸಿನಾಗಿನ ‘ಡಾ’ ಮೊಳಿ ಒಂದೂ ಉಳೀಲಿಲ್ಲ,
‘ಬಡಾ ಖ್ಯಾಲ’ಕ್ಕ ಬರೇ ‘ಡ’ ಕೂಡಿಸಿ ಹೊಡದ್ರು.
ಎರಡು ಸಾವಿರ ಪ್ರತಿ: ಬಡ ಖ್ಯಾಲ.
ಮಡಚಿ ಮಡಚಿ ನನಗ ಅದ ಖರೆ ಅನಸಿತ್ತು.
ಬಡವರ ಹಾಡಿರಬೇಕು,
ನಮ್ಮಂಥವರದು.

ಅದು ಕೋಟುಮಚಗಿಯ ಅಡವಯ್ಯ ಗವಾಯಿಗಳ ಕ್ಯಾಸೆಟ್ಟು.
ಹುಟ್ಟಾ ಕಣ್ಣಿಲ್ಲದವರು.
ಶಿಷ್ಯನ ಹೆಗಲ ಹಿಡಕೊಂಡು ಒಂದಿನ ಪ್ರೆಸ್ಸಿಗೇ ಬಂದ್ರು.
ಹೊದಿಕಿ ಕೈಯಾಗ ಇಟ್ಟೆ. ಮಸಿ ಇನ್ನೂ ಹಸಿ.
ಮೂಸಿದ್ರು. ಹೆಬ್ಬಟ್ಟು ಅಡ್ಡ ಎಳದ್ರು.
‘ಏನೈತವಾ ಇದರಾಗ?’

ಶಿಷ್ಯ ಹಂಚು ಎಣಿಸಾಕತ್ತ.
ಫಕೀರಪ್ಪಗ ಆಗಲೇ ಚಾ ನೆನಪಾತು, ಹೊಂಟ.
ನನಗ ಹತ್ತೊಂಬತ್ತು, ಬಾಯಿ ನಿಲ್ಲತಿರಲಿಲ್ಲ.
‘ನಿಮ್ಮನ್ನ ಬರದಾರ್ರೀ ಅಜ್ಜಾರ.
ಕಣ್ಣು ಹಚ್ಯಾರ. ಎರಡು.
ಸಿನಿಮಾದವರಂಥಾವು.’

‘ಹೌದಾ? ಎತ್ತ ನೋಡಾಕತ್ತೇನಿ?’
‘ಬೆಲಿ ಕಡೆ.
ಇಪ್ಪತ್ತೆರಡು ರೂಪಾಯಿ, ಸ್ಥಾನಿಕ ಕರ ಬ್ಯಾರೆ.’
‘ಎರಡೂ ಸರಿ ಕುಂತಾವೇನು?’
‘ಎಡಗಣ್ಣು ತುಸು ಮ್ಯಾಲೈತ್ರಿ.’
‘ಎಷ್ಟು?’
‘ಅಕ್ಕಿಕಾಳಿನಷ್ಟು.’
‘ಇರಲಿ ಬಿಡವಾ,
ನನ್ನ ಪೇಟಿಯಾಂವನೂ ಅಷ್ಟ ಮ್ಯಾಲ ಇರತಾನ.’
ನಕ್ಕರು. ಹತ್ತು ಪ್ರತಿ ಮನಿಗೆ ಬೇಕು ಅಂದ್ರು,
ಎಣಿಸಿ ಕೊಟ್ಟೆ,
ಹನ್ನೊಂದು ಹೋದವೇನೋ.

ಟ್ರೆಡಲ್ಲು ಗುಜರಿಗೆ ಹೋತು, ಸೂರ್ಯನ್ನೂ ಕೂಡಿಸಿ ತೂಗಿದ್ರು.
ಮೊನ್ನೆ ಕಳಕೇಶ, ನಮ್ಮ ತಂಗಿ ಮಗ,
ಫೋನಿನಾಗ ಅದ ಹಾಡು ಹುಡುಕಿ ಹಚ್ಚಿದ.
ಎರಡು ಸಾವಿರ ಮಡಚಿದಾಕಿ,
ಯಂತ್ರದ ಗದ್ದಲದಾಗ
ಅವರ ದನಿ ನಾ ಒಮ್ಮೆನೂ ಕೇಳಿರಲಿಲ್ಲ.

ಹೆಸರಿನ ಬಾಜೂಕ ಒಂದು ಬೂದಿ ಬಣ್ಣದ ಚೌಕ.
‘ಚಿತ್ರ ಇಲ್ಲ ದೊಡ್ಡವ್ವ.’
‘ಇತ್ತು.’
‘ಚಂದಿತ್ತೇನು?’
‘ಥೂ, ಚಂದ ಎಲ್ಲಿದು!’
ಅಂದು ಆ ಚೌಕ ನೋಡಕೋತ ಕುಂತೆ,
ಎಡಕ್ಕ, ಅಕ್ಕಿಕಾಳಿನಷ್ಟು ಮ್ಯಾಲೆ.
ಹಾಡು ಅವಸರ ಇಲ್ಲದ ಏರತಿತ್ತು,
ಮೊದಲನೇ ಮಾತೇ ಇನ್ನೂ ಮುಗದಿರಲಿಲ್ಲ.
ಉಗುರು ತಾನ ಗಾಜಿನ ಮ್ಯಾಲೆ ಹೊಂಟಿತು:
ಒಂದು ಮಡಿಕಿ, ಎರಡು.
ಮೂರನೇದಕ್ಕ
ಹಾಡು ನಿಂತಬಿಟ್ಟಿತು.
‘ಏನ ಮುಟ್ಟಿದಿ ದೊಡ್ಡವ್ವ’ ಅಂತ
ಹುಡುಗ ಫೋನು ಕಸಗೊಂಡ.