ನೆಲ ಡೊಂಕು

ಲೂಯಿಸ್ ದ್ವೀಪದ ಪಡುವಣ ತುದಿಯಲ್ಲಿ
ನನ್ನ ಗ್ಯಾರೇಜು. ತಗಡಿನ ಗೋಡೆಗೆ ಒಂಬತ್ತು ಮೊಳೆ,
ಮೊಳೆಗೊಂದು ಮುರಿದ ಸ್ಪ್ರಿಂಗು,
ಸ್ಪ್ರಿಂಗಿನ ಕೊರಳಿಗೆ ರಟ್ಟಿನ ಚೀಟಿ:
ಯಾರದು, ಯಾವತ್ತು, ಎಷ್ಟು ಮೈಲಿಗೆ.
ಎಲ್ಲ ಒಂದೇ ಮಾದರಿಯ ಗಾಡಿಯವು,
ಎಲ್ಲ ಮುರಿದದ್ದು ಒಂದೇ ಜಾಗದಲ್ಲಿ,
ಬುಡದಿಂದ ಒಂದೂವರೆ ಸುತ್ತು ಮೇಲೆ,
ಒಬ್ಬನೇ ಕಳ್ಳ ಒಂದೇ ಹಾರೆಯಲ್ಲಿ
ಒಂಬತ್ತು ಮನೆಯ ಚಿಲಕ ಮೀಟಿದ ಹಾಗೆ.

ಒಂಬತ್ತನೆಯದು ಮರ್ಡಿನಾಳದು.
ಮನೆ ಮನೆಗೆ ಹೋಗುವ ನರ್ಸು. ಜನವರಿಯ ನಡುರಾತ್ರಿ
ಊಯಿಗ್ ಕಡೆಯ ಒಂಟಿ ರಸ್ತೆಯಲ್ಲಿ
ಟಪ್ಪೆಂದಿತಂತೆ.
ಕುರಿ ಅಡ್ಡ ಬಂತೇನೋ ಅಂತ ಇಳಿದು ನೋಡಿದರೆ
ಕುರಿಯಿಲ್ಲ ಮರಿಯಿಲ್ಲ. ಮುರಿದ ತುದಿ
ಟೈರಿನ ಪಕ್ಕೆಯನ್ನು ಸೀಳಿತ್ತು.
ಆಚೆ ಮನೆಯಲ್ಲಿ ಒಬ್ಬ ಮುದುಕ,
ನೋವಿನ ಔಷಧಿಯ ಕೊನೆಯ ಮಿಲ್ಲಿಲೀಟರಿನಲ್ಲಿದ್ದ.
ಚೀಲ ಎದೆಗವಚಿ ಎರಡು ಮೈಲಿ ನಡೆದಳು,
ಗಾಳಿಗೆ ಬೆನ್ನು ಕೊಟ್ಟು, ಅರ್ಧ ದಾರಿ ಹಿಮ್ಮುಖವಾಗಿ.
ಐವತ್ತು ನಿಮಿಷ ತಡ.
ಆ ಐವತ್ತು ನಿಮಿಷ ಆ ಮನೆ ಹೇಗಿತ್ತು
ಅಂತ ನನಗೆ ಅವಳು ಹೇಳಿಲ್ಲ.
ನಾನೂ ಕೇಳಿಲ್ಲ.

ಕಂಪನಿಗೆ ಬರೆದಳು. ಫೋಟೋ ಕೇಳಿದರು, ಕಳಿಸಿದಳು.
ಬೆಳಕಿನಲ್ಲಿ ತೆಗೆದದ್ದು ಬೇಕೆಂದರು.
ಇಲ್ಲಿ ಜನವರಿಯಲ್ಲಿ ಬೆಳಕೆಲ್ಲಿದೆ?
ಫೋನು ಮಾಡಿದಳು. ಪಿಟೀಲು ಕೇಳಿಸಿದರು,
ಇಪ್ಪತ್ತೆರಡು ನಿಮಿಷ, ಆಮೇಲೆ ಒಂದು ಎಳೆಯ ದನಿ
‘ಇಂದಿನ ನಿಮ್ಮ ಅನುಭವಕ್ಕೆ
ಹತ್ತರಲ್ಲಿ ಎಷ್ಟು ಅಂಕ?’

ಏಪ್ರಿಲಿನಲ್ಲಿ ಕಾಗದ ಬಂತು.
ಪ್ರಿಯ ಗ್ರಾಹಕರೇ, ಸವೆತ ಸಹಜ.
ತಮ್ಮ ಪ್ರದೇಶದ ರಸ್ತೆಗಳು ಸಮತಟ್ಟಾಗಿರದೆ,
ಕಡಲ ಗಾಳಿಯಲ್ಲಿ ಉಪ್ಪಿನಂಶ ಅಧಿಕವಿರುವ ಕಾರಣ
ಸದರಿ ದೋಷ ವಾರಂಟಿಗೆ ಒಳಪಡದೆಂದು
ತಿಳಿಸಲು ವಿಷಾದಿಸುತ್ತೇವೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಇವರಿಗೆ ಕಡಲೂ ಡೊಂಕು.

‘ದುಡ್ಡು ಬೇಡ ನನಗೆ,’ ಅಂದಳು ಮರ್ಡಿನಾ,
ಎಣ್ಣೆ ಡಬ್ಬದ ಮೇಲೆ ಕೂತು, ಕೈಗವಸು ಕಳಚದೆ.
‘ತಪ್ಪಾಯಿತು ಅಂತ
ಒಂದು ಸಾಲು. ಸಹಿಯಿರುವ ಒಂದು ಸಾಲು.’
ನಾನು ನಟ್ಟು ಬಿಗಿಯುತ್ತಿದ್ದೆ,
ಆಗಲೇ ಬಿಗಿದಿದ್ದ ನಟ್ಟನ್ನೇ.

ಯಾಕೆಂದರೆ ಮೊದಲನೆಯ ಮೊಳೆಯ ಚೀಟಿ
ಗೋಡೆಗೆ ಮುಖ ತಿರುಗಿಸಿದೆ.
ತಿರುಗಿಸಿಟ್ಟವನು ನಾನು.

ಮೂರು ವರ್ಷದ ಹಿಂದಿನ ಮೇ ತಿಂಗಳು
ಅವರೇ ಬಂದಿದ್ದರು, ಕ್ಯಾಮರಾ ಹೊತ್ತು.
ನಾಲ್ಕು ದಿನ ನಮ್ಮ ಮರಳಿನಲ್ಲಿ, ನಮ್ಮ ಅಲೆಯಲ್ಲಿ
ಹೊಸ ಗಾಡಿಯನ್ನು ಕುಣಿಸಿದರು.
ಆ ಚಿತ್ರ ಈಗಲೂ ಅವರ ಪುಸ್ತಿಕೆಯ ಮುಖಪುಟ,
ಬಾನೆಟ್ಟಿನ ಮೇಲೆ ಒಡೆಯುವ ನೊರೆ, ಕೆಳಗೆ ದಪ್ಪಕ್ಷರ:
ದಾರಿ ಮುಗಿದಲ್ಲಿ ನಮ್ಮ ಗಾಡಿ ಶುರು.
ಐದನೆಯ ಸಂಜೆ ಆ ಗಾಡಿ ಕುಂಟುತ್ತ
ನನ್ನ ಬಾಗಿಲಿಗೆ ಬಂತು.
ಬುಡದಿಂದ ಒಂದೂವರೆ ಸುತ್ತು ಮೇಲೆ.
ನಮಗೆ ಎರಡು ವಾರ ಹಿಡಿಯುವ ಬಿಡಿಭಾಗ
ಅವರಿಗೆ ಮರುದಿನದ ಹಡಗಿಗೇ ಬಂತು.
ಗರಿಗರಿ ನೋಟು ಎಣಿಸಿದರು, ಎರಡರಷ್ಟು.
‘ಬಿಲ್ಲು ಬೇಡ ಬಿಡಿ’ ಅಂದರು.
ಬಿಟ್ಟೆ.
ಆ ವರ್ಷ ಸೂರಿಗೆ ಹೊಸ ತಗಡು ಹಾಕಿಸಿದೆ.

ಇಂದು ಬೆಳಗ್ಗೆ ಆ ಚೀಟಿ ತಿರುಗಿಸಿ
ಮರ್ಡಿನಾಳ ಕೈಗಿತ್ತೆ. ಓದಿದಳು.
ಇನ್ನೊಮ್ಮೆ ಓದಿದಳು.
ಬೈಯುತ್ತಾಳೆಂದು ಕಾದೆ. ‘ಕಾರು ತೆಗಿ’ ಅಂದಳಷ್ಟೆ.

ಒಂಬತ್ತನ್ನೂ ಹಳೆ ಕಂಬಳಿಯಲ್ಲಿ ಸುತ್ತಿ
ಅಂಚೆ ಕಚೇರಿಯ ತಕ್ಕಡಿಗೆ ಇಟ್ಟೆವು. ಮುಳ್ಳು ಕೊನೆಗೆ ಹೋಗಿ ನಿಂತಿತು.
ಎಂದಿನಂತೆ ಕನ್ನಡಕದ ಮೇಲಿಂದ ನೋಡಿ
ಓಯಿಘ್ರಿಗ್ ಕೇಳಿದಳು:
‘ಒಳಗೆ ಬೆಲೆಬಾಳುವಂಥದ್ದೇನಾದರೂ?’

ಮರ್ಡಿನಾ ನನ್ನ ಕಡೆ ತಿರುಗಿದಳು.

‘ಒಂದಿದೆ,’ ಅಂದೆ.
‘ರಸೀದಿ ಇಲ್ಲ.’