ಎಡಕ್ಕೆಳೆಯುವ ಗಾಡಿ

ಜ್ಯಾಕ್ ಏರಿಸಿ ಮುಂದಿನ ಚಕ್ರ ಅಲುಗಿಸಿದರೆ
ಟಕ್, ಟಕ್—
ಹಲ್ಲುದುರುವ ಮುನ್ನ ನಾಲಿಗೆಗೆ ತಿಳಿಯುವಂಥ ಸಡಿಲ.
ಅರವತ್ತೇಳರ ಪೆಜೋ, ನೀಲಿ ಟ್ಯಾಕ್ಸಿ;
ಬಳಿದು ಮಿಕ್ಕ ಬಣ್ಣ ಹರಾರಿನ ಅರ್ಧ ಕಿಟಕಿಗಳಿಗೆ.

ಬಾಲ್ ಜಾಯಿಂಟು ದಿರೆದಾವಾದಿಂದ ಬಂತು,
ಹಳೇ ಬಟ್ಟೆಯಲ್ಲಿ ಸುತ್ತಿ, ಚಾತ್ ಸೊಪ್ಪಿನ ಕಟ್ಟಿನ ಜೊತೆ.
ಬುಷ್ಷಿಗೆ ರಬ್ಬರು ಸಿಗಲಿಲ್ಲ.
ಲಾರಿ ಟೈರು ಕೊಯ್ದು, ಚಾಕುವಿಗೆ ಸೋಪು ಸವರಿ
ನಾನೇ ಕೆತ್ತಿದೆ. ಮೂರನೆಯದು ಕೂತಿತು.

ಹಿಂದಿನ ಚಕ್ರದಿಂದ ಮುಂದಿನದಕ್ಕೆ ದಾರ ಹಿಡಿದು
ಟೈ ರಾಡ್ ಒಂದೂವರೆ ಸುತ್ತು ತಿರುಗಿಸಿದೆ.
ನೋಡು ನೆಜೀಬ್, ಕೈ ಬಿಟ್ಟರೂ ನೆಟ್ಟಗೆ ಹೋಗುತ್ತದೆ.

ಹೋಗಲಿಲ್ಲ.
ಸಂತೆಯ ತಿರುವಿಗೆ ಮುಂಚೆಯೇ ಬಲಕ್ಕೆ ವಾಲಿ
ಇಫ್ತುವಿನ ಕಿತ್ತಳೆ ಬುಟ್ಟಿಗೆ ಗುದ್ದಿ ನಿಂತ.

ಬೈಯುತ್ತಾ ಬಂದ. ಮತ್ತೆ ದಾರ ಹಿಡಿದೆ, ಸರಿಯಾಗಿಯೇ ಇತ್ತು.
ಆಮೇಲೆ ಅವನ ಮಣಿಕಟ್ಟು ಕಂಡಿತು:
ಹನ್ನೊಂದು ವರ್ಷ ಎಡಕ್ಕೆಳೆಯುವ ಗಾಡಿಯನ್ನು
ಬಲಕ್ಕೆ ಜಗ್ಗಿ ಜಗ್ಗಿ
ಟೀ ಲೋಟ ಹಿಡಿದಾಗಲೂ ಅದು ಬಲಕ್ಕೇ ತಿರುಗಿತ್ತು.

ಅದಕ್ಕೆ ಹೊಂದುವ ಸ್ಪ್ಯಾನರು ನನ್ನಲ್ಲಿಲ್ಲ.
ಎರಡು ವಾರ ಖಾಲಿ ಓಡಿಸು, ಅಂದೆ.
ದುಡ್ಡು ಎಣಿಸಿ ಕೊಟ್ಟ;
ಕಿತ್ತಳೆಯದು ಹಿಡಿದುಕೊಂಡ.